ಕಸೂತಿ ಮುಗಿಯುವ ತನಕ ಚೌಕ ದೊಡ್ಡದಾಗಿಯೇ ಇರಲಿ

ಕ್ವಿಲ್ಟ್‌ಗೆ, ಅಂದರೆ ಬಟ್ಟೆ ಚೌಕಗಳನ್ನು ಜೋಡಿಸಿ ಹೊಲಿಯುವ ಕೌದಿಗೆ, ಕಸೂತಿ ಚೌಕಗಳನ್ನು ಮಾಡಲು ಹೊರಟಿದ್ದೀರಾ? ಹಾಗಾದರೆ ಬಟ್ಟೆಯನ್ನು ಬೇಕಾದ ಅಳತೆಗೆ ಈಗಲೇ ಕತ್ತರಿಸಬೇಡಿ. ನಾನು ಮೊದಲ ಸಲ 12 ಚೌಕಗಳನ್ನು ಸರಿಯಾಗಿ 8.5 ಇಂಚಿಗೆ ಕತ್ತರಿಸಿಕೊಂಡು ಕೂತಿದ್ದೆ. ಕಸೂತಿ ಮುಗಿಸಿ ಒಂದರ ಮೇಲೊಂದು ಇಟ್ಟು ನೋಡಿದರೆ ಹೂವು ಜಾಸ್ತಿ ಇದ್ದ ಚೌಕಗಳು ಕಾಲು ಇಂಚು ಕುಗ್ಗಿದ್ದವು, ಜೋಡಿಸುವಾಗ ಮೂಲೆಗೆ ಮೂಲೆ ಕೂಡಲೇ ಇಲ್ಲ. ತುಂಬಾ ಬೇಜಾರಾಯಿತು.

ದಾರ ಎಳೆದಾಗಲೆಲ್ಲ ಬಟ್ಟೆ ಚೂರು ಚೂರೇ ಒಳಕ್ಕೆ ಸರಿಯುತ್ತದೆ, ಅಲ್ವಾ? ಅದಕ್ಕೇ ಈ ಲೆಕ್ಕ. ಕೊನೆಗೆ 8 ಇಂಚಿನ ಚೌಕ ಬೇಕಿದ್ದರೆ, ಹೊಲಿಗೆಗೆ ಸುತ್ತ ಕಾಲು ಇಂಚು ಸೇರಿಸಿದರೆ 8.5. ಅದರ ಮೇಲೆ ಪ್ರತಿ ಬದಿಗೆ 1 ಇಂಚು ಬಿಟ್ಟು 10.5 ಇಂಚಿಗೆ ಕತ್ತರಿಸಿ. ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಕಸೂತಿ ರಿಂಗ್ ಹಾಕಲೂ ಜಾಗ ಸಿಗುತ್ತದೆ.

ಆದರೆ ಕತ್ತರಿಗಿಂತ ಮೊದಲು ನೀರು. ಹತ್ತಿ ಬಟ್ಟೆ ಒಗೆದರೆ ಕುಗ್ಗುತ್ತದೆ, ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ಕೆಂಪು, ಕಡು ನೀಲಿ ಬಟ್ಟೆಗಳನ್ನು ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ನೋಡಿ, ಬಣ್ಣ ಅಂಟಿದರೆ ಬೇರೆಯಾಗಿ ಒಗೆಯಿರಿ. ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಎಳೆದಾಡಬೇಡಿ, ಒತ್ತಿ ಎತ್ತಿ, ಇಲ್ಲವಾದರೆ ಬಟ್ಟೆ ಸೊಟ್ಟ ಆಗುತ್ತದೆ.

ನೇರವಾಗಿ ಕತ್ತರಿಸಲು ನನಗೆ ತುಂಬಾ ಇಷ್ಟವಾದ ದಾರಿ ಒಂದಿದೆ. ಅಂಚಿನಲ್ಲಿ ಒಂದೇ ಒಂದು ಎಳೆಯನ್ನು ಸೂಜಿ ತುದಿಯಿಂದ ಎಬ್ಬಿಸಿ ಮೆಲ್ಲಗೆ ಎಳೆಯುತ್ತಾ ಹೋಗಿ, ಬಟ್ಟೆ ನೆರಿಗೆಯಾಗುತ್ತದೆ, ಎಳೆ ಹೊರಬಂದ ಮೇಲೆ ಅಲ್ಲಿ ಕೂದಲಿನಷ್ಟು ಸಣ್ಣ ಗೆರೆ ಕಾಣುತ್ತದೆ. ಅದರ ಮೇಲೇ ಕತ್ತರಿ ನಡೆಸಿ. ಹಾಸು ಹೊಕ್ಕು (ಉದ್ದದ ಎಳೆ, ಅಡ್ಡದ ಎಳೆ) ಎರಡೂ ನೇರ ಇರುವ ಚೌಕ ರಿಂಗ್‌ನಲ್ಲಿ ಸೊಟ್ಟಗೆ ಹಿಗ್ಗುವುದಿಲ್ಲ. ಅಂಚು ಬಿಚ್ಚದಂತೆ ಸುತ್ತ ಜಿಗ್‌ಜಾಗ್ ಹೊಲಿಗೆ ಹಾಕಿ.

ಈಗ ಚೌಕವನ್ನು ನಾಲ್ಕಾಗಿ ಮಡಚಿ, ಉಗುರಿನಿಂದ ಒತ್ತಿ. ಮಡಿಕೆಗಳು ಸೇರುವ ಜಾಗವೇ ನಡು. ಚಿತ್ರದ ನಡುವನ್ನು ಅದಕ್ಕೆ ಹೊಂದಿಸಿ, ಬೆಳಕಿರುವ ಕಿಟಕಿ ಗಾಜಿಗೆ ಅಂಟಿಸಿ ಗೆರೆ ಇಳಿಸಿ. ನಡುವಿಗೂ ಒಂದು ಚುಕ್ಕೆ ಇರಲಿ. ನೀರಲ್ಲಿ ಹೋಗುವ ಪೆನ್ ಬಳಸಿದ್ದರೆ ಗೆರೆ ಪೂರ್ತಿ ತೊಳೆದುಹೋಗುವ ತನಕ ಇಸ್ತ್ರಿ ಸೋಕಿಸಬೇಡಿ, ಬಿಸಿ ತಾಗಿದರೆ ಗೆರೆ ಅಲ್ಲೇ ನಿಂತುಬಿಡಬಹುದು. ಬಿಸಿಗೆ ಮಾಯವಾಗುವ ಪೆನ್ನಿನ ಗೆರೆ ಚಳಿಗೆ ಮತ್ತೆ ಮೂಡಬಹುದು. ಯಾವುದೇ ಪೆನ್ ಆಗಲಿ, ಮೊದಲು ತುಂಡು ಬಟ್ಟೆಯ ಮೇಲೆ ನೋಡಿ.

ಬಟ್ಟೆ ತೆಳುವಾಗಿದ್ದರೆ ಹಿಂದೆ ಇನ್ನೊಂದು ತೆಳು ಹತ್ತಿ ಬಟ್ಟೆ ಇಟ್ಟು, ಎರಡನ್ನೂ ದೊಡ್ಡ ಟಾಕಿ ಹಾಕಿ ಸೇರಿಸಿ. ಹಿಂಬದಿಯ ಕಡು ಬಣ್ಣದ ದಾರ ಮುಂದೆ ಕಾಣುವುದಿಲ್ಲ. ಕೆಲಸ ನಿಲ್ಲಿಸಿದಾಗಲೆಲ್ಲ ರಿಂಗ್ ತೆಗೆದಿಡಿ.

ಕಸೂತಿ ಮುಗಿದ ಮೇಲೆ ಗೆರೆ ತೊಳೆದು, ದಪ್ಪ ಟವೆಲ್ ಮೇಲೆ ಉಲ್ಟಾ ಹಾಸಿ ಇಸ್ತ್ರಿ ಮಾಡಿ, ಹೂವು ಚಪ್ಪಟೆಯಾಗದು. ಆಮೇಲೆ ಚಿತ್ರದ ನಡುವಿನಿಂದ ನಾಲ್ಕೂ ಬದಿಗೆ 4.25 ಇಂಚು ಅಳೆದು ಕತ್ತರಿಸಿ.