ಕೊನೆಯ ಬಜರ್‌ನಿಂದ ಸ್ಕೋರ್‌ಶೀಟ್ ಸಹಿಯವರೆಗೆ

ಬಾಸ್ಕೆಟ್‌ಬಾಲ್‌ನಲ್ಲಿ ಪಂದ್ಯ ಮುಗಿಸುವ ಬಜರ್ ಹೊಡೆದ ಮೇಲೆ ಟೆಕ್ನಿಕಲ್ ಫೌಲ್ (ಮೈ ತಾಗದ, ನಡತೆಯ ತಪ್ಪಿಗೆ ಕೊಡುವ ಫೌಲ್) ಕೊಡಲು ಬರುವುದಿಲ್ಲ. ಆದರೆ ಕ್ರ್ಯೂ ಚೀಫ್, ಅಂದರೆ ಮುಖ್ಯ ರೆಫರಿ, ಸಹಿ ಹಾಕುವ ಮುನ್ನ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಅದನ್ನು ಸ್ಕೋರ್‌ಶೀಟಿನಲ್ಲಿ ನಮೂದಿಸಿ, ಸಂಘಟಕರಿಗೆ ವಿವರವಾದ ವರದಿ ಕೊಡಲೇಬೇಕು ಅನ್ನುತ್ತದೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮ. ಈ ನಡುವಿನ ಹೊತ್ತೇ ರೆಫರಿಗಳಾದ ನಮಗೆ ಅತಿ ಕಷ್ಟದ್ದು. ಹಾಗಾಗಿ ನಾನು ತಯಾರಿಯನ್ನು ನಾಲ್ಕನೇ ಕ್ವಾರ್ಟರಿನ ಕೊನೆಯ 2 ನಿಮಿಷದಲ್ಲೇ ಶುರು ಮಾಡುತ್ತೇನೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬಯಲು ಅಂಗಳಗಳಲ್ಲಿ ಆಟ ಬಿಗಿಯಾದಂತೆ ಜನ ಗೆರೆಯ ತನಕ ಬಂದು ನಿಲ್ಲುತ್ತಾರೆ. ಗೆರೆಯಾಚೆ 2 ಮೀಟರ್ ಜಾಗವಿಲ್ಲದ ಕಡೆ ಥ್ರೋ-ಇನ್ (ಗೆರೆಯಾಚೆಯಿಂದ ಚೆಂಡನ್ನು ಒಳಕ್ಕೆ ಎಸೆಯುವುದು) ಇದ್ದರೆ ಡಿಫೆಂಡರ್ 1 ಮೀಟರ್ ದೂರ ನಿಲ್ಲಬೇಕು. ಕೊನೆಯ 2 ನಿಮಿಷದಲ್ಲಿ ಗೆರೆ ದಾಟಬೇಡ ಎಂಬ ಕೈಸನ್ನೆ ಮಾಡಿಯೇ ಚೆಂಡು ಕೊಡುತ್ತೇನೆ. ಆ ಸನ್ನೆಯೇ ಎಚ್ಚರಿಕೆ. ಆಮೇಲೂ ಕೈ ಚಾಚಿ ಥ್ರೋ-ಇನ್ ತಡೆದರೆ ನೇರ ಟೆಕ್ನಿಕಲ್: ಎದುರಾಳಿಗೆ 1 ಫ್ರೀ ಥ್ರೋ.

ಸೋಲುತ್ತಿರುವ ತಂಡ ಗಡಿಯಾರ ನಿಲ್ಲಿಸಲು ಬೇಕಂತಲೇ ಫೌಲ್ ಮಾಡುವುದು ಆಟದ ಭಾಗ. ಚೆಂಡಿಗೆ ಕೈ ಹಾಕಿದ್ದರೆ ಮಾಮೂಲಿ ಫೌಲ್. ಚೆಂಡಿನ ಗೊಡವೆಯೇ ಇಲ್ಲದೆ ಹಿಂದಿನಿಂದ ಜರ್ಸಿ ಎಳೆದರೆ, ತಬ್ಬಿ ಹಿಡಿದರೆ ಅನ್‌ಸ್ಪೋರ್ಟ್ಸ್‌ಮನ್‌ಲೈಕ್: 2 ಫ್ರೀ ಥ್ರೋ, ಮೇಲೆ ಚೆಂಡೂ ಅವರಿಗೇ. ಮೊದಲ ಕ್ವಾರ್ಟರಿನಲ್ಲಿ ಕೊಟ್ಟದ್ದನ್ನು ಕೊನೆಯ ನಿಮಿಷದಲ್ಲಿ 'ಪಂದ್ಯ ಮುಗೀತಲ್ಲ' ಅಂತ ನುಂಗಿಕೊಳ್ಳಬಾರದು. ಬಜರ್ ನಂತರದ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಹೀಗೆ ಬಿಟ್ಟ ಫೌಲ್‌ಗಳಿಂದಲೇ. ಪೆಟ್ಟು ತಿಂದವನು ಲೆಕ್ಕ ಚುಕ್ತಾ ಮಾಡಲು ಗಡಿಯಾರ ಮುಗಿಯುವುದನ್ನೇ ಕಾಯುತ್ತಿರುತ್ತಾನೆ.

ಕೊನೆಯ ಟೈಮ್‌ಔಟಿನಲ್ಲಿ ಸ್ಕೋರರ್ ಹತ್ತಿರ ಹೋಗಿ ಅಂಕ, ಟೀಮ್ ಫೌಲ್ ಎರಡನ್ನೂ ತಾಳೆ ನೋಡಿಸುತ್ತೇನೆ. ಹೀಗೆ ಮಾಡಿದ್ದರೆ ಬಜರ್ ಆದಮೇಲೆ ಅಂತಿಮ ಅಂಕದ ಕೆಳಗೆ ಎರಡು ದಪ್ಪ ಗೆರೆ ಎಳೆಯುವುದಷ್ಟೇ ಬಾಕಿ. ತಡವಾದಷ್ಟೂ ಸ್ಕೋರರ್ ಟೇಬಲ್ ಸುತ್ತ ಜನ ಮುತ್ತುತ್ತಾರೆ.

ಇಬ್ಬರೇ ರೆಫರಿ (ಕ್ರ್ಯೂ ಚೀಫ್, ಜೊತೆಗೆ ಅಂಪೈರ್) ಇದ್ದರೆ ಒಬ್ಬರು ಟೇಬಲ್‌ಗೆ. ಇನ್ನೊಬ್ಬರು ತಂಡಗಳು ಕೈ ಕುಲುಕುವಲ್ಲಿಗೆ, ಆದರೆ ನಡುವೆ ನುಗ್ಗದೆ ಎರಡೂ ಬೆಂಚು ಕಾಣುವ ಹಾಗೆ ಪಕ್ಕಕ್ಕೆ. ಸಮಬಲವಾದರೆ ಲೆಕ್ಕವೇ ಬೇರೆ. ಪಂದ್ಯ ಮುಗಿದಿಲ್ಲ, ಅದು 2 ನಿಮಿಷದ ವಿರಾಮ. ಅಲ್ಲಿ ಬೈದರೂ ಟೆಕ್ನಿಕಲ್ ಕೊಡಬಹುದು. ಅದರ ಫ್ರೀ ಥ್ರೋ ಮುಗಿಸಿಯೇ ಓವರ್‌ಟೈಮ್ ಶುರು.

ಕೋಚ್ 'ಅದು ಫೌಲೇ ಅಲ್ರೀ' ಎಂದು ಕೂಗಿದರೆ ವಾದಕ್ಕಿಳಿಯುವುದಿಲ್ಲ. ಪ್ರೊಟೆಸ್ಟ್ (ಫಲಿತಾಂಶಕ್ಕೆ ಅಧಿಕೃತ ಆಕ್ಷೇಪ) ಇದ್ದರೆ ಕ್ಯಾಪ್ಟನ್ 15 ನಿಮಿಷದೊಳಗೆ ತಿಳಿಸಿ ಸಹಿ ಹಾಕಲಿ ಎನ್ನುತ್ತೇನೆ. ಅಂಕದ ಲೆಕ್ಕ, ಗಡಿಯಾರದ ತಪ್ಪಿಗೆ ಪ್ರೊಟೆಸ್ಟ್ ನಡೆಯುತ್ತದೆ. ಫೌಲ್ ಹೌದೋ ಅಲ್ಲವೋ ಎಂಬ ತೀರ್ಮಾನಕ್ಕೆ ನಡೆಯುವುದಿಲ್ಲ.

ವರದಿಯಲ್ಲಿ 'ಅಸಭ್ಯವಾಗಿ ವರ್ತಿಸಿದ' ಎಂದು ಬರೆದರೆ ಕಮಿಟಿ ಮುಂದೆ ನಿಲ್ಲುವುದಿಲ್ಲ. ನಡೆದದ್ದನ್ನು ನಡೆದಂತೆ ಬರೆಯಬೇಕು: 'ಬಜರ್ ನಂತರ, ಸಹಿಗೆ ಮೊದಲು, ಬಿಳಿ ಜರ್ಸಿ 9 ಟೇಬಲ್ ಎದುರು ಚೆಂಡನ್ನು ಅಂಪೈರ್ ಎದೆಗೆ ಎಸೆದ, ಚೆಂಡು ತಗುಲಿತು.' ನಮ್ಮಲ್ಲಿ ಬೈಗುಳ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರುತ್ತದೆ. ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಬರೆದು, ಅರ್ಥವನ್ನು ಕೆಳಗೆ ಕೊಡಿ. ಇಬ್ಬರು ರೆಫರಿಗಳೂ ತಾವು ಕಂಡದ್ದನ್ನು ಮೊದಲು ಬೇರೆ ಬೇರೆ ಬರೆದಿಟ್ಟುಕೊಳ್ಳಲಿ. ಮಾತಾಡಿಕೊಂಡು ಬರೆದರೆ ಒಬ್ಬರ ನೆನಪು ಇನ್ನೊಬ್ಬರದಾಗಿಬಿಡುತ್ತದೆ.

ಟೇಬಲ್‌ನವರ ಸಹಿಯಾದ ಮೇಲೆ ಅಂಪೈರ್ ಸಹಿ, ಕಟ್ಟಕಡೆಗೆ ಕ್ರ್ಯೂ ಚೀಫ್‌ದು. ಘಟನೆಯ ನಮೂದನ್ನು, ಸ್ಕೋರ್‌ಶೀಟಿನ ಕೆಳಗಿನ ಪ್ರತಿಗಳನ್ನು ಹರಿದು ಬೇರ್ಪಡಿಸುವ ಮೊದಲೇ, ಪೆನ್ನು ಒತ್ತಿ ಬರೆಯಿರಿ. ಮೇಲಿನ ಹಾಳೆಯಲ್ಲಿದ್ದು ಸೋತ ತಂಡದ ಪ್ರತಿಯಲ್ಲಿ ಮೂಡದಿದ್ದರೆ, ಆಮೇಲೆ ಸೇರಿಸಿದ್ದಾರೆ ಎಂಬ ತಕರಾರು ಬರುತ್ತದೆ.