ಬ್ಲ್ಯಾಕ್ ಸಬ್ಬತ್‌ನ ಆರಂಭದ ಆಲ್ಬಮ್‌ಗಳಲ್ಲಿ ಅಚ್ಚುಮೆಚ್ಚಿನದನ್ನು ಆರಿಸಿಕೊಳ್ಳುವ ಬಗೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ರಾಕ್ ಸಂಗೀತ ತಂಡವಾದ ಬ್ಲ್ಯಾಕ್ ಸಬ್ಬತ್ 1970ರಿಂದ 1975ರವರೆಗೆ ಹೊರತಂದ ಆರು ಆಲ್ಬಮ್‌ಗಳಲ್ಲಿ ಒಂದನ್ನು ಆರಿಸಬೇಕಾದರೆ, ಆಯ್ದ ಹಾಡುಗಳ ಸಂಗ್ರಹಗಳನ್ನು ಬದಿಗಿಟ್ಟು, ಪ್ರತಿಯೊಂದನ್ನೂ ಬಿಡುಗಡೆಯಾದ ಕ್ರಮದಲ್ಲಿಯೇ ಪೂರ್ತಿಯಾಗಿ ಕೇಳಬೇಕು. ಮಳೆ ಮತ್ತು ಗಂಟೆಯ ಸದ್ದಿನೊಂದಿಗೆ ತೆರೆದುಕೊಳ್ಳುವ ಮೊದಲ ಆಲ್ಬಮ್ ಬಹುಪಾಲು ಒಂದೇ ದಿನದಲ್ಲಿ ಧ್ವನಿಮುದ್ರಣಗೊಂಡಿತು. ಆ ಹಸಿತನ ಹಿಡಿಸುವವರಿಗೆ ಹುಡುಕಾಟ ಅಲ್ಲಿಗೇ ಮುಗಿಯಲೂಬಹುದು. ಅದೇ ವರ್ಷದ 'ಪ್ಯಾರನಾಯ್ಡ್' ಎಲ್ಲರಿಗೂ ಗೊತ್ತಿರುವುದೇ, ಆದರೆ ಜನಪ್ರಿಯತೆಯನ್ನು ಅಳತೆಗೋಲಾಗಿಸಿಕೊಳ್ಳುವುದು ತರವಲ್ಲ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯ ಬಳಿ. ಕಾರ್ಖಾನೆಯ ಅಪಘಾತದಲ್ಲಿ, ತಂತಿ ಒತ್ತುವ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡಿದ್ದ ಎಡಚ ಗಿಟಾರ್ ವಾದಕ ಟೋನಿ ಅಯೋಮಿ, ಇದರ ಹಲವು ಹಾಡುಗಳಲ್ಲಿ ತಂತಿಗಳನ್ನು ಸಾಮಾನ್ಯ ಶ್ರುತಿಗಿಂತ ಮೂರು ಅರ್ಧಸ್ವರದಷ್ಟು ಕೆಳಗಿಳಿಸಿ ಸಡಿಲಗೊಳಿಸಿದ್ದರಿಂದ, ಬೆರಳಿಗೆ ಹಗುರವಾದದ್ದು ಕಿವಿಗೆ ಭಾರವಾಗಿ ಕೇಳಿಸುತ್ತದೆ. ಅವರ ಕೆಮ್ಮಿನ ಸದ್ದಿನಿಂದಲೇ ಆರಂಭವಾಗುವ ಇದನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳುತ್ತ, ತಂಡದ ಗೀಜರ್ ಬಟ್ಲರ್ ಅವರ ಬಾಸ್ (ತಗ್ಗು ಸ್ವರದ ಗಿಟಾರ್) ವಾದನವು ಅಯೋಮಿಯವರ ಗಿಟಾರನ್ನು ಎಲ್ಲಿ ಹಿಂಬಾಲಿಸುತ್ತದೆ, ಎಲ್ಲಿ ತನ್ನ ದಾರಿ ಹಿಡಿಯುತ್ತದೆ ಎಂಬುದನ್ನು ಗಮನಿಸಬೇಕು. ನನ್ನ ಮಟ್ಟಿಗೆ ಆಯ್ಕೆ ಇದೇ.

ಮುಂದಿನ ಮೂರು ಆಲ್ಬಮ್‌ಗಳಲ್ಲಿ ಪಿಯಾನೊ, ಸಿಂಥಸೈಜರ್, ಗಾಯನವೃಂದಗಳು ಬಂದು ಸೇರುತ್ತವೆ. ಈ ವೈವಿಧ್ಯವನ್ನು ಬಯಸುವವರು 1973ರ 'ಸಬ್ಬತ್ ಬ್ಲಡಿ ಸಬ್ಬತ್'ನಿಂದಲೇ ಆರಂಭಿಸಬಹುದು. ಇನ್ನೂ ಎರಡು ಉಳಿದುಕೊಂಡರೆ, ಯಾವುದರಲ್ಲಿ ನೀವು ದಾಟಿಸಿ ಮುಂದೆ ಹೋಗುವ ಹಾಡುಗಳು ಕಡಿಮೆಯೋ ಅದನ್ನೇ ಇಟ್ಟುಕೊಳ್ಳಿ.