ಪಾತ್ರೆ, ಅರಿಶಿನ, ಆಟಿಕೆ: ಸೀಸ ಇದೆಯಾ ಅಂತ ಪರೀಕ್ಷಿಸುವುದು ಹೇಗೆ?

ಸೀಸ, ಅಂದರೆ ಲೆಡ್, ಮೈಗೆ ವಿಷ. ಸಾರಿನೊಳಗೆ ಇಳಿದ ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಅದಕ್ಕೇ ಈ ವಿಷಯದಲ್ಲಿ ವಾಟ್ಸಾಪ್ ಫಾರ್ವರ್ಡುಗಳಿಗೆ ಬರಗಾಲವೇ ಇಲ್ಲ. ಮ್ಯಾಗ್ನೆಟ್ ಹಿಡಿದು ನೋಡಿ, ಬಿಳಿ ಕಾಗದಕ್ಕೆ ತಿಕ್ಕಿ ನೋಡಿ, ಕಪ್ಪಾದರೆ ಸೀಸ, ಇಲ್ಲದಿದ್ದರೆ ನಿಶ್ಚಿಂತೆ ಅಂತ. ಮ್ಯಾಗ್ನೆಟ್ಟು ಸೀಸಕ್ಕೂ ಅಂಟುವುದಿಲ್ಲ, ತವರಕ್ಕೂ ಅಂಟುವುದಿಲ್ಲ, ಹಿತ್ತಾಳೆಗೂ ಅಂಟುವುದಿಲ್ಲ. ಅಲ್ಯೂಮಿನಿಯಂ ತಿಕ್ಕಿದರೂ ಕಾಗದ ಕಪ್ಪಾಗುತ್ತದೆ. ಅವೆರಡನ್ನೂ ಮರೆತುಬಿಡಿ.

ಹಾಗಂತ ಮನೆಯಲ್ಲಿರುವುದನ್ನೆಲ್ಲ ಲ್ಯಾಬಿಗೆ ಕಳಿಸುವುದಕ್ಕೂ ಆಗುವುದಿಲ್ಲ, ದುಡ್ಡು ಸುಮ್ನೆ ಬರುವುದಿಲ್ಲವಲ್ಲ. ಯಾವುದನ್ನು ಮನೆಯಲ್ಲೇ ನೋಡಬಹುದು, ಯಾವುದನ್ನು ಲ್ಯಾಬಿಗೆ ಕೊಡಬೇಕು, ಯಾವುದನ್ನು ಪರೀಕ್ಷೆಯೇ ಇಲ್ಲದೆ ಅಟ್ಟಕ್ಕೆ ಏರಿಸಬೇಕು ಅಂತ ಮೊದಲು ವಿಂಗಡಿಸಿಕೊಳ್ಳಬೇಕು.

ಮೊದಲು ಪಟ್ಟಿ ಮಾಡಿ

ಪ್ರತಿ ಸಾಮಾನಿಗೂ ಎರಡು ಪ್ರಶ್ನೆ ಕೇಳಿ. ಇದರಲ್ಲಿ ಸೀಸ ಇರಬಹುದಾ? ಇದ್ದರೆ ಅದು ಬಾಯಿಗೆ ಹೋಗುವ ದಾರಿ ಇದೆಯಾ? ದೇವರಮನೆಯ ಹಿತ್ತಾಳೆ ದೀಪದಲ್ಲಿ ಸೀಸ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಲೇತಿನಲ್ಲಿ ಸಲೀಸಾಗಿ ಕಡೆಯಲಿ ಅಂತ ಹಿತ್ತಾಳೆಗೆ ಎರಡು ಮೂರು ಪರ್ಸೆಂಟ್ ಸೀಸ ಸೇರಿಸುವುದು ಮಾಮೂಲು. ಆದರೆ ದೀಪವನ್ನು ಯಾರೂ ತಿನ್ನುವುದಿಲ್ಲ. ಉಜ್ಜಿ ತೊಳೆದ ಮೇಲೆ ಕೈ ತೊಳೆದುಕೊಂಡರೆ ಸಾಕು. ಅದೇ ಹಿತ್ತಾಳೆಯ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು ಕುದಿಸಿದರೆ ಕಥೆ ಬೇರೆ. ಹುಳಿ, ಬಿಸಿ, ಹೊತ್ತು, ಈ ಮೂರೂ ಸೇರಿದರೆ ಲೋಹ ಕರಗುವುದು ಜಾಸ್ತಿ.

ಹಾಗಾಗಿ ಪಟ್ಟಿಯ ಮೇಲ್ಗಡೆ ಇರಬೇಕಾದವು: ಹುಳಿ ಅಡುಗೆಯ ಪಾತ್ರೆ, ಕಲಾಯಿ ಹಾಕಿಸಿದ ಪಾತ್ರೆ, ಈಯದ (ತವರದ) ಚೊಂಬು, ಬಿಡಿಯಾಗಿ ತಂದ ಅರಿಶಿನ, ಕಾಡಿಗೆ, ಕುಂಕುಮ, ಮಗು ಬಾಯಿಗಿಡುವ ಆಟಿಕೆ, ಹಳೇ ಮನೆಯ ಕಿಟಕಿ ಬಾಗಿಲಿನ ಎದ್ದ ಬಣ್ಣ. ಭಸ್ಮ, ಅಂದರೆ ಲೋಹ ಸುಟ್ಟು ಮಾಡಿದ ಪುಡಿ, ಸೇರಿದ ಔಷಧಿಯನ್ನೂ ಬರೆದುಕೊಳ್ಳಿ. ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿದ್ದ ಆಯುರ್ವೇದ ಔಷಧಿಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಇದನ್ನು ಮನೆಯಲ್ಲಿ ಪರೀಕ್ಷಿಸುವ ದಾರಿ ಇಲ್ಲ. ವೈದ್ಯರ ಹತ್ತಿರ ನೇರವಾಗಿ ಕೇಳಿ.

ಈಯದ ಚೊಂಬು: ತೂಗಿ ನೋಡಿ

ಸಾರು ಕಾಯಿಸುವ ಈಯದ ಚೊಂಬು ಈಗ ಮತ್ತೆ ಫ್ಯಾಷನ್ ಆಗಿದೆ. ಅದು ಶುದ್ಧ ತವರದ್ದಾಗಿರಬೇಕು. ತವರ ದುಬಾರಿ, ಸೀಸ ಅಗ್ಗ, ಎರಡೂ ಮೆತ್ತಗಿನ ಬೆಳ್ಳನೆಯ ಲೋಹ. ಮೋಸಕ್ಕೆ ಇನ್ನೇನು ಬೇಕು?

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಒಂದು ಪರೀಕ್ಷೆ ಮಾಡಬಹುದು. ಮೊದಲು ಒಣಗಿದ ಚೊಂಬನ್ನು ತೂಗಿ ಬರೆದಿಟ್ಟುಕೊಳ್ಳಿ. 650 ಗ್ರಾಂ ಅಂತಿಟ್ಟುಕೊಳ್ಳೋಣ. ಆಮೇಲೆ ಚೊಂಬು ಪೂರ್ತಿ ಮುಳುಗುವಂಥ ಡಬರಿಯಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು, ತಕ್ಕಡಿಯನ್ನು ಸೊನ್ನೆಗೆ ತನ್ನಿ. ಚೊಂಬಿನ ಕತ್ತಿಗೆ ದಾರ ಕಟ್ಟಿ ನೀರಿನೊಳಗೆ ಇಳಿಬಿಡಿ. ತಳಕ್ಕೂ ತಾಗಬಾರದು, ಪಕ್ಕಕ್ಕೂ ತಾಗಬಾರದು, ಒಳಗೆ ಗಾಳಿ ಗುಳ್ಳೆ ಉಳಿದಿರಬಾರದು. ಚೊಂಬು ಓರೆ ಮಾಡಿ ಇಳಿಸಿದರೆ ಗಾಳಿ ಬುಳುಬುಳು ಅಂತ ಹೊರಗೆ ಬರುತ್ತದೆ. ಈಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ಚೊಂಬಿನ ಲೋಹದ ಗಾತ್ರ, ಮಿಲಿಲೀಟರಿನಲ್ಲಿ. ಮೊದಲ ತೂಕವನ್ನು ಇದರಿಂದ ಭಾಗಿಸಿ.

ತಕ್ಕಡಿ 89 ತೋರಿಸಿತು ಅನ್ನಿ, 650ನ್ನು 89ರಿಂದ ಭಾಗಿಸಿದರೆ 7.3. ಅದು ತವರದ ಸಾಂದ್ರತೆ. ತಕ್ಕಡಿ 57 ತೋರಿಸಿದರೆ ಉತ್ತರ 11.4, ಅಂದರೆ ಹೆಚ್ಚುಕಮ್ಮಿ ಪೂರ್ತಿ ಸೀಸ. ಎಂಟರ ಮೇಲೆ ಬಂದ ಯಾವ ಈಯದ ಚೊಂಬನ್ನೂ ಒಲೆ ಮೇಲಿಡಬೇಡಿ.

ಆದರೆ 7.3 ಬಂತು ಅಂತ ಕುಣಿಯುವುದೂ ಬೇಡ. ನೂರಕ್ಕೆ ಹತ್ತು ಭಾಗ ಸೀಸ ಬೆರೆತರೂ ಉತ್ತರ 7.6ರ ಹತ್ತಿರ ಇರುತ್ತದೆ. ಮನೆ ತಕ್ಕಡಿಯ ಎರಡು ಮೂರು ಗ್ರಾಂ ಏರುಪೇರಿನಲ್ಲೇ ಆ ವ್ಯತ್ಯಾಸ ಕಳೆದುಹೋಗುತ್ತದೆ. ದೊಡ್ಡ ಮೋಸ ಸಿಕ್ಕಿಬೀಳುತ್ತದೆ, ಸಣ್ಣ ಮೋಸ ತಪ್ಪಿಸಿಕೊಳ್ಳುತ್ತದೆ. ಮನೆಯಲ್ಲಿ ಮಾಡುವ ಎಲ್ಲ ಪರೀಕ್ಷೆಗಳ ಹಣೆಬರಹವೂ ಇಷ್ಟೇ.

ಅದರ ಮುಂದಿನ ಹೆಜ್ಜೆ ನಿಮ್ಮೂರಿನ ಚಿನ್ನದ ಅಂಗಡಿ ಬೀದಿಯಲ್ಲೇ ಇರಬಹುದು. ಚಿನ್ನದ ಕ್ಯಾರೆಟ್ ನೋಡುವ ಯಂತ್ರ ಇದೆಯಲ್ಲ, ಅದು ಎಕ್ಸ್‌ಆರ್‌ಎಫ್. ಎಕ್ಸ್‌ರೇ ಬಿಟ್ಟು, ಯಾವ ಲೋಹ ಎಷ್ಟಿದೆ ಅಂತ ಓದುವ ಯಂತ್ರ. ಸಾಮಾನು ಕೆರೆಯಬೇಕಿಲ್ಲ, ಒಡೆಯಬೇಕಿಲ್ಲ. ನಿಮ್ಮ ಯಂತ್ರ ಸೀಸ, ಅದರಂತೆಯೇ ವಿಷದ ಲೋಹವಾದ ಕ್ಯಾಡ್ಮಿಯಂ ತೋರಿಸುತ್ತದಾ ಅಂತ ಕೇಳಿ. ಕೆಲವರು ನಗಬಹುದು, ಕೆಲವರು ಮಾಡಿಕೊಡುತ್ತಾರೆ. ಎರಡು ಮಾತು ನೆನಪಿರಲಿ. ಆ ಯಂತ್ರವನ್ನು ಚಿನ್ನಕ್ಕೆ ಹೊಂದಿಸಿರುತ್ತಾರೆ, ಹಾಗಾಗಿ ಪಾತ್ರೆಗೆ ಅದು ಕೊಡುವ ಲೆಕ್ಕ ಅಂದಾಜು ಮಾತ್ರ. ಅದು ಓದುವುದೂ ಮೇಲ್ಪದರವನ್ನಷ್ಟೇ.

ಕಲಾಯಿ ಮತ್ತು ಹಿಂಡಾಲಿಯಂ

ಕಲಾಯಿ ಹಾಕಿಸುವಾಗ ಎದುರಿಗೇ ನಿಂತುಕೊಳ್ಳಿ. ಪಾತ್ರೆ ಕಾಯಿಸಿ, ನವಸಾಗರ ಎರಚಿ, ತವರ ಸವರುವ ಕೆಲಸ ಅದು. ಅವರು ಬಳಸುವ ಕಡ್ಡಿ ಶುದ್ಧ ತವರದ್ದೋ ಅಥವಾ ಎಲೆಕ್ಟ್ರಿಕ್ ಅಂಗಡಿಯ ಬೆಸುಗೆ ಕಡ್ಡಿಯೋ ಅಂತ ಕೇಳಿ. ಬೆಸುಗೆ ಕಡ್ಡಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ ನಲವತ್ತು ಭಾಗದಷ್ಟು ಸೀಸವಿರುತ್ತದೆ. ಅನುಮಾನ ಇದ್ದರೆ ತವರವನ್ನು ನೀವೇ ತಂದುಕೊಡಿ.

ಅಲ್ಯೂಮಿನಿಯಂ, ಅದರದ್ದೇ ಮಿಶ್ರಲೋಹವಾದ ಹಿಂಡಾಲಿಯಂ ಪಾತ್ರೆಗಳ ಅನುಮಾನ ಶುರುವಾಗಿದ್ದು ದೂರದೂರಿನಲ್ಲಿ. ಅಮೆರಿಕದ ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿಯ ಆರೋಗ್ಯ ಇಲಾಖೆಯವರು, ಅಫ್ಘಾನಿಸ್ತಾನದಿಂದ ಬಂದ ಕುಟುಂಬಗಳ ಮಕ್ಕಳ ರಕ್ತದಲ್ಲಿ ಸೀಸ ಯಾಕಿಷ್ಟು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರುಗಳು. ಗುಜರಿ ಲೋಹ ಕರಗಿಸಿ ಪಾತ್ರೆ ಮಾಡಿದರೆ ಗುಜರಿಯೊಳಗಿದ್ದದ್ದೆಲ್ಲ ಪಾತ್ರೆಗೆ ಬರುತ್ತದೆ. 2025ರ ಆಗಸ್ಟಿನಲ್ಲಿ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೊರದೇಶದಿಂದ ಬಂದ ಕೆಲವು ಪಾತ್ರೆಗಳ ಬಗ್ಗೆ ಎಚ್ಚರಿಸಿತು. ಅಲ್ಯೂಮಿನಿಯಂ, ಹಿತ್ತಾಳೆ ಜೊತೆಗೆ ಹಿಂಡಾಲಿಯಂ ಹೆಸರೂ ಅದರಲ್ಲಿತ್ತು. ಅಮೆರಿಕದ ಮಗಳಿಗೆ ಅಂತ ಸೂಟ್‌ಕೇಸಿನಲ್ಲಿ ಬಾಣಲೆ ತುಂಬುವವರು ಸ್ಟೀಲಿನದ್ದು ತುಂಬಿದರೆ ಒಳ್ಳೆಯದು.

ಅಲ್ಯೂಮಿನಿಯಂ, ಹಿಂಡಾಲಿಯಂ ಪಾತ್ರೆಗೆ ಮನೆ ಪರೀಕ್ಷೆ ಇಲ್ಲ. ಪಾತ್ರೆಯಿಂದ ಸೀಸ ಹೊರಬರುತ್ತಿದೆಯಾ ಅಂತ ತಿಳಿಯಬೇಕಾದರೆ ಲ್ಯಾಬಿನವರು ಶೇಕಡಾ 4ರ ಅಸಿಟಿಕ್ ಆಮ್ಲ, ಅಂದರೆ ನಮ್ಮ ಬಿಳಿ ವಿನೆಗರಿನಷ್ಟು ಹುಳಿ, ತುಂಬಿಸಿ ಒಂದಿಡೀ ದಿನ ಬಿಟ್ಟು ಆ ದ್ರವವನ್ನು ಅಳೆಯುತ್ತಾರೆ. ಪಿಂಗಾಣಿ ತಟ್ಟೆ ಲೋಟಗಳಿಗೆ ಇದು ಜಗತ್ತಿನಾದ್ಯಂತ ಇರುವ ಕ್ರಮ. ಪಾತ್ರೆ ಕೊಡುವಾಗ "ಒಟ್ಟು ಸೀಸ ಬೇಡ, ಹೊರಬರುವ ಸೀಸ ಅಳೆದುಕೊಡಿ" ಅಂತಲೇ ಹೇಳಿ.

ಅರಿಶಿನ, ಕುಂಕುಮ

ಅರಿಶಿನದ ಕೊಂಬಿಗೆ ಹೊಳಪು ಬರಲಿ ಅಂತ ಲೆಡ್ ಕ್ರೋಮೇಟ್ ಸವರುವುದು ಹಳೇ ಚಾಳಿ. ಅದು ಗಾಢ ಹಳದಿ, ಅಗ್ಗ, ಸೀಸ ಮತ್ತು ಕ್ರೋಮಿಯಂ ಎರಡೂ ಇರುವಂಥದ್ದು. ಬಾಂಗ್ಲಾದೇಶದಲ್ಲಿ ಇದು ಎಷ್ಟು ಹಬ್ಬಿತ್ತೆಂದರೆ 2019ರಲ್ಲಿ ಮಾರುಕಟ್ಟೆಯ ಸುಮಾರು ಅರ್ಧ ಮಾದರಿಗಳಲ್ಲಿ ಸಿಕ್ಕಿತ್ತು. ಸರ್ಕಾರ ದಾಳಿ ಮಾಡಿ, ದಂಡ ಹಾಕಿ, ಪ್ರಚಾರ ಮಾಡಿ 2021ರ ಹೊತ್ತಿಗೆ ಸೊನ್ನೆಗೆ ತಂದರು. ಅಂದರೆ ಆಗದ ಕೆಲಸವೇನಲ್ಲ. ನಮ್ಮಲ್ಲಿ ಅರಿಶಿನಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟ ಮಿತಿ ಕೆಜಿಗೆ 10 ಮಿಲಿಗ್ರಾಂ ಸೀಸ. 2024ರಲ್ಲಿ ಪ್ರಕಟವಾದ ದಕ್ಷಿಣ ಏಷ್ಯಾದ 23 ನಗರಗಳ ಅಧ್ಯಯನದಲ್ಲಿ ಪಟ್ನಾದ ಪಾಲಿಶ್ ಕೊಂಬುಗಳಲ್ಲಿ ಅದು ಕೆಜಿಗೆ ಸಾವಿರ ಮಿಲಿಗ್ರಾಂ ಮೀರಿತ್ತು.

ಗಾಜಿನ ಲೋಟದ ನೀರಿಗೆ ಅರಿಶಿನದ ಕೊಂಬು ಹಾಕಿ. ಬಣ್ಣ ತಕ್ಷಣ ಬಿಟ್ಟರೆ ಆ ಕೊಂಬು ಬೇಡ. ಇದು ಎಫ್‌ಎಸ್‌ಎಸ್‌ಎಐ ತಾನೇ ಹೇಳಿಕೊಡುವ ಪರೀಕ್ಷೆ. ಕೊಂಬಿಗೆ ಇದು ಪರವಾಗಿಲ್ಲ, ಯಾಕೆಂದರೆ ಮೇಲೆ ಸವರಿದ ಪುಡಿ ಉದುರುವುದು ಕಾಣಿಸುತ್ತದೆ. ಪುಡಿಯಲ್ಲಿ ಬೆರೆತ ಮೇಲೆ ಕಣ್ಣಿಗೆ ಸಿಗುವುದಿಲ್ಲ. ಹಾಗಾಗಿ ಪಾಲಿಶ್ ಮಾಡದ, ಮಂಕಾಗಿ ಕಾಣುವ ಕೊಂಬು ತಂದು ಗಿರಣಿಯಲ್ಲಿ ಬೀಸಿಸುವುದೇ ವಾಸಿ. ಚಾಮರಾಜನಗರದ ಕಡೆ ಅರಿಶಿನ ಬೆಳೆಯುವವರ ಪರಿಚಯ ಇದ್ದರೆ ಇನ್ನೂ ಒಳ್ಳೆಯದು.

ಕುಂಕುಮದ ಪರೀಕ್ಷೆ ನನಗೆ ತುಂಬಾ ಇಷ್ಟ. ನಿಜವಾದ ಕುಂಕುಮ ಅಂದರೆ ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಸೇರಿ ಕೆಂಪಾದದ್ದು. ಬಿಳಿ ತಟ್ಟೆಯಲ್ಲಿ ಒಂದು ಚಿಟಿಕೆ ಹಾಕಿ ಮೇಲೆ ನಿಂಬೆರಸ ಹಿಂಡಿ. ಅರಿಶಿನದ ಕುಂಕುಮವಾದರೆ ಕಣ್ಣೆದುರೇ ಅಂಚಿನಿಂದ ಹಳದಿಗೆ ತಿರುಗುತ್ತದೆ. ಏನು ಮಾಡಿದರೂ ಕೆಂಪಾಗೇ ಉಳಿದರೆ ಅದು ಬೇರೆ ಬಣ್ಣ. ಸೀಸದ ಕೆಂಪು ಆಕ್ಸೈಡೇ ಅಂತ ಹೇಳಲಾಗದು, ಬರೀ ಕೃತಕ ಬಣ್ಣವೂ ಇರಬಹುದು. ಮಗುವಿನ ಹಣೆಗಂತೂ ಬೇಡ. ಕಾಡಿಗೆ, ಸುರ್ಮಾಕ್ಕೆ ಇಂಥ ಪರೀಕ್ಷೆ ಇಲ್ಲ. ಕೆಲವು ಸುರ್ಮಾ ಸೀಸದ ಅದಿರನ್ನೇ ಅರೆದು ಮಾಡಿದ್ದು. ಮಗುವಿನ ಕಣ್ಣಿಗೆ ಹಚ್ಚದಿದ್ದರೆ ದೃಷ್ಟಿಯೇನೂ ತಾಗುವುದಿಲ್ಲ, ಅಜ್ಜಿಯನ್ನು ಒಪ್ಪಿಸುವುದಷ್ಟೇ ಕಷ್ಟ.

ಬಣ್ಣ ಮತ್ತು ಆಟಿಕೆ: ಕಿಟ್ ಏನು ಹೇಳುತ್ತದೆ?

ಆನ್‌ಲೈನಿನಲ್ಲಿ ಸಿಗುವ ಸೀಸ ಪರೀಕ್ಷೆಯ ಕಿಟ್ಟಿನ ಕಡ್ಡಿಗಳಲ್ಲಿ ಬಹಳಷ್ಟು ರೋಡಿಜೋನೇಟ್ ಎಂಬ ರಾಸಾಯನಿಕದವು. ಒದ್ದೆ ಮಾಡಿ ಉಜ್ಜಿದರೆ, ಸೀಸವಿದ್ದಲ್ಲಿ ಗುಲಾಬಿ ಅಥವಾ ಕೆಂಪು ಬಣ್ಣ. ಬಳಸುವುದಾದರೆ ಬಣ್ಣವನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು ಎಲ್ಲ ಪದರವೂ ಕಾಣುವಂತೆ ಮಾಡಿ ಉಜ್ಜಿ, ಯಾಕೆಂದರೆ ಸೀಸ ಇರುವುದು ಹೆಚ್ಚಾಗಿ ಅಡಿಯ ಹಳೇ ಪದರದಲ್ಲಿ. ಕೆಂಪು ಬಣ್ಣದ ಮೇಲೆ ಉಜ್ಜಿದರೆ ಆ ಬಣ್ಣವೇ ಕಡ್ಡಿಗೆ ಹತ್ತಿ ಮೋಸ ಮಾಡುತ್ತದೆ.

ಇವು ಗ್ಯಾರಂಟಿಯಾಗಿ ಹಿಡಿಯುವುದು ಶೇಕಡಾ 0.5 ಅಥವಾ ಅದಕ್ಕಿಂತ ಹೆಚ್ಚು ಸೀಸವನ್ನು, ಅಂದರೆ 5000 ಪಿಪಿಎಂ (ಹತ್ತು ಲಕ್ಷಕ್ಕೆ 5000 ಭಾಗ). ನಮ್ಮ ಕಾನೂನಿನ ಮಿತಿ 90 ಪಿಪಿಎಂ. ಎರಡಕ್ಕೂ ಎಷ್ಟು ಅಂತರ ನೋಡಿ. ಕಡ್ಡಿ ಕೆಂಪಾದರೆ ನಂಬಿ, ಕೆಂಪಾಗದಿದ್ದರೆ ಏನೂ ಗೊತ್ತಾಗಲಿಲ್ಲ ಅಂತಲೇ ತಿಳಿಯಿರಿ. ಆಟಿಕೆ, ತಟ್ಟೆಗಳಿಗೆ ಇವನ್ನು ನೆಚ್ಚಬೇಡಿ ಅಂತ ಅಮೆರಿಕದ ಗ್ರಾಹಕ ಸುರಕ್ಷಾ ಸಂಸ್ಥೆ 2007ರಲ್ಲೇ ಹೇಳಿದೆ.

ಮನೆ ಬಣ್ಣದ 90 ಪಿಪಿಎಂ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಆಯಿಲ್ ಪೇಂಟ್, ಅದರಲ್ಲೂ ಗೇಟು ಗ್ರಿಲ್ಲುಗಳ ಹಳದಿ, ಕೆಂಪು, ಹಸಿರು, ಪರೀಕ್ಷೆ ಮಾಡದೆಯೇ ಸೀಸ ಇದೆ ಅಂದುಕೊಂಡು ನಡೆದುಕೊಳ್ಳಿ. ಒಣಗಿದ್ದನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿಸಬೇಡಿ. ನೀರು ಹಾಕಿ ಉಜ್ಜಿಸಿ, ಮಕ್ಕಳನ್ನೂ ಬಸುರಿಯರನ್ನೂ ಆ ದಿನ ಬೇರೆ ಮನೆಗೆ ಕಳಿಸಿ, ಆಮೇಲೆ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ ಎಷ್ಟು ಹೊರಬರಬಹುದು ಅನ್ನುವ ಪರೀಕ್ಷೆಯೂ ಅದರಲ್ಲಿ ಸೇರಿದೆ. ನೋಂದಾಯಿತ ಕುಶಲಕರ್ಮಿಗಳಿಗೆ, ಜಿಐ (ಭೌಗೋಳಿಕ ಗುರುತು) ಇರುವ ಆಟಿಕೆಗಳಿಗೆ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ ಗೊಂಬೆಗೆ ಆ ಗುರುತಿಲ್ಲ ಅಂದಮಾತ್ರಕ್ಕೆ ಕೆಟ್ಟದ್ದಲ್ಲ. ಬಣ್ಣ ಸಸ್ಯ ಮೂಲದ್ದಾ ಅಂತ ಮಾಡಿದವರನ್ನೇ ಕೇಳಬಹುದು, ಅದೇ ಅಲ್ವಾ ಅಲ್ಲಿಗೇ ಹೋಗಿ ಕೊಳ್ಳುವ ಅನುಕೂಲ.

ನೀರು

ಬೆಳಿಗ್ಗೆ ಎದ್ದವರು ಯಾರೂ ನಲ್ಲಿ ತಿರುಗಿಸುವ ಮೊದಲು ಒಂದು ಬಾಟಲಿ, ಐದು ನಿಮಿಷ ನೀರು ಬಿಟ್ಟ ಮೇಲೆ ಇನ್ನೊಂದು ಬಾಟಲಿ ಹಿಡಿದು ಎರಡನ್ನೂ ಲ್ಯಾಬಿಗೆ ಕೊಡಿ. ಮೊದಲನೆಯದರಲ್ಲಿ ಮಾತ್ರ ಸೀಸ ಜಾಸ್ತಿ ಇದ್ದರೆ ತಪ್ಪು ನಿಮ್ಮ ನಲ್ಲಿ, ಪೈಪಿನದು. ಎರಡರಲ್ಲೂ ಇದ್ದರೆ ನೀರಿನ ಮೂಲದ್ದು. ಕುಡಿಯುವ ನೀರಿನಲ್ಲಿ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ರಾಯಚೂರು, ಯಾದಗಿರಿ ಕಡೆ ಬೋರ್‌ವೆಲ್ ನೀರು ಕುಡಿಯುವವರು ಆರ್ಸೆನಿಕ್ ಕೂಡ ನೋಡಿಸಿ.

ಲ್ಯಾಬಿಗೆ ಕೊಡುವಾಗ

ಲ್ಯಾಬುಗಳನ್ನು ಪರಿಶೀಲಿಸುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆ ಇರುವ ಲ್ಯಾಬು ನೋಡಿ, ಮಾನ್ಯತೆ ಆ ಲೋಹದ ಪರೀಕ್ಷೆಗೂ ಇದೆಯಾ ಅಂತ ಕೇಳಿ. ಆಹಾರಕ್ಕೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಆಹಾರ ಸುರಕ್ಷತೆ ಕಾಯ್ದೆ 2006ರ 40ನೇ ಕಲಮಿನಡಿ ಗ್ರಾಹಕರು ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ದೋಷ ಸಿಕ್ಕರೆ ಶುಲ್ಕ ವಾಪಸ್. ಒಂದೇ ತಮಾಷೆ, ಪರೀಕ್ಷೆಗೆ ಕೊಡುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಬೇಕು. ಅವರು ಆಗ ಯಾವ ಡಬ್ಬಿಯಿಂದ ಕೊಡುತ್ತಾರೆ ಅಂತ ನೀವೇ ಊಹಿಸಿ.

ಮನೆಯಲ್ಲಿ ಆರು ವರ್ಷದೊಳಗಿನ ಮಗು ಇದ್ದು, ಪಟ್ಟಿಯಲ್ಲಿ ಎರಡು ಮೂರು ಅನುಮಾನ ಉಳಿದರೆ, ನನ್ನ ಮಾತು ಕೇಳುವುದಾದರೆ ಸಾಮಾನು ಬಿಟ್ಟು ಮೊದಲು ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಒಂದೇ ಪರೀಕ್ಷೆ, ಇಡೀ ಮನೆಯ ಉತ್ತರ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ದಾಟಿದರೆ ಮೂಲ ಹುಡುಕಿ ತೆಗೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಿಂತ ಕಡಿಮೆ ಅಂದರೆ ಸುರಕ್ಷಿತ ಅಂತಲ್ಲ, ಸುರಕ್ಷಿತ ಮಟ್ಟ ಅಂತ ಯಾವುದೂ ಗೊತ್ತಾಗಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ರಕ್ತದ ಸೀಸ ಅಳೆಯುವ ಈ ಕೆಲಸವನ್ನು ಪೆಟ್ರೋಲಿನಲ್ಲಿ ಸೀಸ ಇದ್ದ ಕಾಲದಿಂದಲೇ ಮಾಡಿಕೊಂಡು ಬಂದವರು. ಹತ್ತಿರದ ಮಕ್ಕಳ ಡಾಕ್ಟರು "ಅದೆಲ್ಲ ಯಾಕೆ" ಅಂದರೂ ಚೀಟಿ ಬರೆಸಿಕೊಳ್ಳಿ.

ಫೇಲಾದ ಪಾತ್ರೆಯನ್ನು ಮನೆಕೆಲಸದವರಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ, ಅವರ ಮನೆಯಲ್ಲೂ ಮಕ್ಕಳಿರುತ್ತಾರೆ. ತಳಕ್ಕೆ ಮೊಳೆ ಹೊಡೆದು ತೂತು ಮಾಡಿ, ಅಡುಗೆಗೆ ಬಾರದಂತಾದ ಮೇಲೆ ಸೀಸ ಇದೆ ಅಂತ ಹೇಳಿಯೇ ಗುಜರಿಗೆ ಹಾಕಿ. ಅರಿಶಿನ, ಕುಂಕುಮದ ಪುಡಿಯಾದರೆ ಬಿಗಿಯಾಗಿ ಕಟ್ಟಿ ಅಪಾಯಕಾರಿ ಕಸದ ಜೊತೆ ಕೊಡಿ. ಗಿಡದ ಬುಡಕ್ಕೆ ಸುರಿಯಬೇಡಿ.